ಪುಡಿ ಹೊತ್ತ ಎಂಬತ್ತು ಹೆಜ್ಜೆ

ನನ್ನ ತಮ್ಮನ ಮಗ ನಮ್ಮ ಕಾರ್ಖಾನೆಗೆ ಮ್ಯಾನೇಜರಾಗಿ ಬಂದವನು ಮೊದಲ ದಿನ ಮಾಡಿದ ಮೊದಲ ಕೆಲಸವೆಂದರೆ, ನನ್ನನ್ನು ಪಕ್ಕಕ್ಕೆ ಕರೆದು, ನಾಲ್ಕು ಜನರೆದುರು ತನ್ನನ್ನು ‘ನೀನು’ ಎನ್ನಬಾರದು ಎಂದು ಹೇಳಿದ್ದು.

“ಮನೇಲಿ ಏನಾದ್ರೂ ಅನ್ನಿ ಅತ್ತೆ. ಇಲ್ಲಿ ಸರ್ ಅನ್ನಿ.”

“ಆಗಲಿ ಸರ್” ಎಂದೆ. ಅವನ ಮೂಗನ್ನು ನನ್ನ ಸೆರಗಿನಲ್ಲಿ ಎಷ್ಟು ಸಲ ಒರೆಸಿದ್ದೇನೋ ಲೆಕ್ಕವಿಲ್ಲ. ಆ ಮೂಗು ಈಗಲೂ ಅದೇ ಮೂಗು, ಸ್ವಲ್ಪ ಮೇಲೆ ಎತ್ತಿಕೊಂಡಿದೆ ಅಷ್ಟೆ.

ನಮ್ಮದು ಬಳೆ ಮಾಡುವ ಕಾರ್ಖಾನೆ. ಕೈಗೆ ಹಾಕುವ ಬಳೆಯಲ್ಲ; ಪಂಪುಗಳ ಹೊಟ್ಟೆಯೊಳಗೆ ಬಿಡುವಿಲ್ಲದೆ ಉಜ್ಜಿಸಿಕೊಳ್ಳುತ್ತ ಕೂರುವ, ಅಂಗೈಯಗಲದ ಉಂಗುರಗಳು. ನಾವು ಬಳೆ ಎನ್ನುತ್ತೇವೆ. ಬರೀ ಅಲ್ಯೂಮಿನಿಯಂ ಹಗುರ, ಆದರೆ ಮೆತ್ತಗೆ; ಉಜ್ಜಿದರೆ ಸವೆದುಹೋಗುತ್ತದೆ. ಅದಕ್ಕೆ ಸಾಣೆಕಲ್ಲಿನ ಜಾತಿಯ ಕಪ್ಪು ಹರಳಿನ ಪುಡಿಯನ್ನು, ಅಂದರೆ ಸಿಲಿಕಾನ್ ಕಾರ್ಬೈಡನ್ನು, ನೂರು ಗ್ರಾಮಿನಲ್ಲಿ ಹದಿನೈದು ಗ್ರಾಂ ಇರುವಂತೆ ಸೇರಿಸುತ್ತೇವೆ. ನಮ್ಮ ಬಾಯಲ್ಲಿ ಅದು ಕರಿಹರಳು. ಎರಡನ್ನೂ ಕರಗಿಸುವುದಿಲ್ಲ. ಪುಡಿಯಾಗಿದ್ದಾಗಲೇ ಕಲಸಿ, ಅಚ್ಚಿಗೆ ಸುರಿದು, ಪ್ರೆಸ್ಸಿನಲ್ಲಿ ಒತ್ತಿ, ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ, ಕರಗುವುದಕ್ಕೆ ಇನ್ನೊಂದು ಚೂರು ಬಾಕಿ ಎನ್ನುವಷ್ಟು ಕಾವಿನಲ್ಲಿ ಬೇಯಿಸುತ್ತೇವೆ. ಕಣಕ್ಕೆ ಕಣ ಅಂಟಿಕೊಂಡು ಬಳೆ ಗಟ್ಟಿಯಾಗುತ್ತದೆ. ಇಷ್ಟನ್ನು ನಾನು ಒಂದೇ ಉಸಿರಿನಲ್ಲಿ ಹೇಳಿದೆ. ನನ್ನ ಸೋದರಳಿಯನಿಗೆ ಇಷ್ಟು ಹೇಳಲು ನಲವತ್ತು ಸ್ಲೈಡು ಬೇಕು, ನಡುವೆ ಒಂದು ಕಾಫಿ ಬೇಕು. ಬಂದ ವಾರದೊಳಗೆ ಕೆಲಸದವರೆಲ್ಲ ಅವನಿಗೆ ಸ್ಲೈಡು ಸಾಹೇಬ ಎಂದು ಹೆಸರಿಟ್ಟರು. ನಾನಿಟ್ಟಿದ್ದಲ್ಲ. ಇಡುವಾಗ ಬೇಡ ಎನ್ನಲೂ ಇಲ್ಲ.

ನನ್ನ ಕೆಲಸ ಪುಡಿ ಮನೆಯಲ್ಲಿ. ಕರಿಹರಳನ್ನು ಒಲೆಯಲ್ಲಿ ಒಣಗಿಸುವುದು, ತೂಗುವುದು, ಡ್ರಮ್ಮಿಗೆ ತುಂಬಿಸುವುದು. ಮೊದಲ ಇಪ್ಪತ್ತು ವರ್ಷ ಇದೇ ಪುಡಿ ಮನೆಯ ನೆಲ ಒರೆಸುತ್ತಿದ್ದೆ. ನಲವತ್ತೆರಡನೇ ವಯಸ್ಸಿಗೆ ರಾತ್ರಿ ಶಾಲೆ ಸೇರಿ, ಓದು, ಲೆಕ್ಕ, ಒಂದಿಷ್ಟು ರಸಾಯನಶಾಸ್ತ್ರ ಕಲಿತು, ತಕ್ಕಡಿಯ ಹತ್ತಿರ ಬಂದೆ. ನಾನು ತುಂಬಿಸಿದ ಡ್ರಮ್ಮನ್ನು ಕಲಸುವ ಯಂತ್ರಕ್ಕೆ ಕಟ್ಟಿ ತಿರುಗಿಸುವವಳು ಇನ್ನೊಬ್ಬಳು. ಮೂವತ್ತೈದರ ಆಸುಪಾಸು, ಮಾತು ಕಡಿಮೆ, ಮಿನಿಟು ತಪ್ಪಿಸುವವಳಲ್ಲ. ನಲವತ್ತೈದು ನಿಮಿಷ ಎಂದರೆ ನಲವತ್ತೈದೇ. ಯಂತ್ರದ ಮೇಲಿನ ಗಡಿಯಾರ ಕೆಟ್ಟಾಗ, ಅವಳನ್ನು ಗಂಟೆ ಕೇಳಿಕೊಂಡು ಜನ ಊಟಕ್ಕೆ ಹೋಗುತ್ತಿದ್ದರು. ಹಾಗಾಗಿ ನಮಗೆಲ್ಲ ಅವಳ ಹೆಸರೇ ಗಡಿಯಾರ. ನನ್ನನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಕೆಲಸ ಕಲಿಸಿದವಳು ನಾನು.

ಕಲಸಿದ ಪುಡಿ ಪ್ರೆಸ್ಸಿಗೆ ಹೋಗಬೇಕು. ಪ್ರೆಸ್ಸು ಅಂಗಳದ ಆಚೆ, ಇನ್ನೊಂದು ಕಟ್ಟಡದಲ್ಲಿ. ಸರಿಯಾಗಿ ಎಂಬತ್ತು ಹೆಜ್ಜೆ. ಮೂವತ್ತು ಕಿಲೋದ ಡ್ರಮ್ಮನ್ನು ಕಬ್ಬಿಣದ ಕೊಳವೆಗೆ ಅಗಲವಾದ ರಬ್ಬರ್ ಪಟ್ಟಿಗಳಿಂದ ತೂಗುಹಾಕಿ, ಮುಂದೆ ಅವಳು ಹಿಂದೆ ನಾನು ಹೆಗಲು ಕೊಟ್ಟು, ಹೆಜ್ಜೆ ಎಳೆದು ಎಳೆದು ನಡೆಯುತ್ತಿದ್ದೆವು. ಇಬ್ಬರ ಹೆಜ್ಜೆಯೂ ಒಂದೇ ಸಲ ಬೀಳಬಾರದು, ಬಿದ್ದರೆ ಡ್ರಮ್ಮು ಜಿಗಿಯುತ್ತದೆ. ಹಳೆಯ ಮೇಸ್ತ್ರಿ ಹಾಕಿಕೊಟ್ಟ ರೂಢಿ. ಯಾಕೆ ಎಂದು ಕೇಳಿದರೆ ಅವರು “ಹಾಗೇ ಮಾಡಬೇಕು” ಎನ್ನುತ್ತಿದ್ದರು, ಅಷ್ಟೇ. ರಾತ್ರಿ ಶಾಲೆಯ ಮೇಷ್ಟ್ರನ್ನು ಕೇಳಿದಾಗ ಅವರು ಒಂದು ಬಾಟಲಿಗೆ ಸಣ್ಣ ಜಲ್ಲಿಯನ್ನೂ ಮರಳನ್ನೂ ಹಾಕಿ ಕಲಸಿ, ಬೆಂಚಿನ ಮೇಲೆ ಟಕಟಕ ಕುಟ್ಟಿದರು. ಮರಳೆಲ್ಲ ಸಂದಿಯಲ್ಲಿ ನುಸುಳಿ ಕೆಳಗಿಳಿಯಿತು, ಜಲ್ಲಿ ಮೇಲೇರಿತು. ನಮ್ಮ ಕರಿಹರಳು ಅಲ್ಯೂಮಿನಿಯಂ ಪುಡಿಗಿಂತ ನಾಲ್ಕು ಪಾಲು ಸಣ್ಣದು. ಅಲುಗಿಸಿದರೆ ಇಳಿಯುತ್ತದೆ. ನಲವತ್ತೈದು ನಿಮಿಷ ಕಲಸಿ ಕೂಡಿಸಿದ್ದನ್ನು ನಾಲ್ಕು ನಿಮಿಷದ ಕುಲುಕಾಟ ಬೇರೆ ಮಾಡುತ್ತದೆ.

ಇದನ್ನು ಗಡಿಯಾರಕ್ಕೆ ನಾನು ಯಾವತ್ತೂ ಹೇಳಿರಲಿಲ್ಲ. ಹೊರುವುದಕ್ಕೆ ಹೆಗಲು ಸಾಕು, ಕಾರಣ ಯಾಕೆ ಎಂದುಕೊಂಡಿದ್ದೆ.

ಸ್ಲೈಡು ಸಾಹೇಬ ನಾವು ಹೊರುವುದನ್ನು ನೋಡಿದ್ದು ಬಂದ ಎರಡನೇ ದಿನ. ಕಿಟಕಿಯಲ್ಲಿ ನಿಂತು ನೋಡಿದ, ಮೆಟ್ಟಿಲಿಳಿದು ಬಂದು ನೋಡಿದ, ಫೋನಿನಲ್ಲಿ ಚಿತ್ರ ಹಿಡಿದ.

“ಹೆಣ ಹೊತ್ತ ಹಾಗೆ ಇದೆ” ಎಂದ. “ಹೊರಗಿನವರು ಬಂದು ನೋಡಿದ್ರೆ ಏನಂದ್ಕೋತಾರೆ?”

ಅದೇ ವಾರ, ಪುಡಿಯಲ್ಲಿ ಹರಳು ಎಷ್ಟಿದೆ ಎಂದು ಪ್ರತಿ ಡ್ರಮ್ಮಿಗೂ ನಾನು ಮಾಡುತ್ತಿದ್ದ ಪರೀಕ್ಷೆಯನ್ನು ಸಮಯ ಹಾಳು ಎಂದು ನಿಲ್ಲಿಸಿದ. ಮುಂದಿನ ತಿಂಗಳ ಏಳನೇ ತಾರೀಕು ಗಾಡಿ ಬಂತು. ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಸ್ಟೀಲು, ಕೆಳಗೆ ನಾಲ್ಕು ಪುಟ್ಟ ಗಟ್ಟಿ ಚಕ್ರ. ನಮ್ಮ ಅಂಗಳಕ್ಕೆ ಹಾಸಿರುವುದು ಸಿಮೆಂಟಿನ ಚಪ್ಪಡಿ ಬಿಲ್ಲೆ, ಬಿಲ್ಲೆ ಬಿಲ್ಲೆಯ ನಡುವೆ ಬೆರಳಗಲದ ಸಂದು. ಖಾಲಿ ಗಾಡಿಯನ್ನು ತಳ್ಳಿ ತೋರಿಸಿದಾಗ ಅದು ಹಲ್ಲು ಕಡಿಯುವ ಹಾಗೆ ಸದ್ದು ಮಾಡಿತು. ಅವನು ಅದರ ಹಿಡಿ ಹಿಡಿದು ನಿಂತು ಎಲ್ಲರನ್ನೂ ಕರೆಸಿದ.

ನಾನು ಮುಂದೆ ಹೋದೆ. “ಸರ್, ಈ ಗಾಡಿ ಬೇಡ. ಪುಡಿಗೆ ಆಗಲ್ಲ.”

“ಯಾಕೆ ಆಗಲ್ಲ?”

“ನಾನು ರಾತ್ರಿ ಶಾಲೇಲಿದ್ದಾಗ ಮೇಷ್ಟ್ರು ಒಂದು—”

“ಅತ್ತೆ” ಎಂದ, ಎಲ್ಲರಿಗೂ ಕೇಳುವ ಹಾಗೆ. ನಾನು ಸರ್ ಎನ್ನಬೇಕು, ಅವನು ಅತ್ತೆ ಎನ್ನಬಹುದು. “ರಾತ್ರಿ ಶಾಲೆ ವಿಜ್ಞಾನ ಹಗಲಲ್ಲಿ ನಡೆಯಲ್ಲ.”

ನಕ್ಕರು. ಪ್ರೆಸ್ಸಿನವರು ನಕ್ಕರು, ಕುಲುಮೆಯವನು ನಕ್ಕ, ಅಚ್ಚು ಮಾಡುವವನು ಹೊಟ್ಟೆ ಹಿಡಿದುಕೊಂಡ. ಗಡಿಯಾರ ತುಟಿ ಕಚ್ಚಿಕೊಂಡಳು, ಆದರೆ ಅವಳ ಹೆಗಲು ಕುಣಿಯುತ್ತಿತ್ತು. ಅವಳೂ ನಕ್ಕಳು. ಅದನ್ನು ಆಗಲೇ ಮರೆತುಬಿಟ್ಟೆ ಎಂದರೆ ಸುಳ್ಳಾಗುತ್ತದೆ.

ಬಾಯಿಗೆ ಬಂದಿದ್ದ ಉಳಿದ ಮಾತನ್ನು ನುಂಗಿದೆ. ನುಂಗಿ, ಪುಡಿ ಮನೆಗೆ ಹೋಗಿ, ಅಲ್ಲಿನ ಬೀರುವಿನಿಂದ ಗಾಜಿನ ನಳಿಕೆಗಳ ಪೆಟ್ಟಿಗೆಯನ್ನು ಕೆಳಗಿಳಿಸಿದೆ.

ಪರೀಕ್ಷೆ ಸರಳ. ಹತ್ತು ಗ್ರಾಂ ಪುಡಿ ತೂಗಿ, ಕಿಟಕಿ ತೆರೆದಿಟ್ಟು, ಕಾಸ್ಟಿಕ್ ಸೋಡಾ ನೀರಿಗೆ ಚೂರು ಚೂರೇ ಹಾಕಬೇಕು. ಅಲ್ಯೂಮಿನಿಯಂ ಬುಸುಗುಟ್ಟಿ ನೊರೆಯೆದ್ದು ಕರಗಿಹೋಗುತ್ತದೆ. ಕರಿಹರಳಿಗೆ ಏನೂ ಆಗುವುದಿಲ್ಲ, ತಳದಲ್ಲಿ ಹಾಗೇ ಕೂರುತ್ತದೆ. ತೊಳೆದು, ಸೋಸಿ, ಒಣಗಿಸಿ, ತೂಗಿದರೆ ಒಂದೂವರೆ ಗ್ರಾಂ ಇರಬೇಕು. ಗಾಡಿ ಹೊರಡುವ ಮೊದಲು ಡ್ರಮ್ಮಿನ ತಳ, ನಡು, ಮೇಲಿನಿಂದ ಉದ್ದನೆಯ ಕೊಳವೆ ಚಮಚದಲ್ಲಿ ಮೂರು ಪಾಲು ತೆಗೆದೆ. ಆಚೆ ಪ್ರೆಸ್ಸಿನ ಬಳಿ ಡ್ರಮ್ಮಿನ ತಳದ ಬಾಗಿಲು ತೆರೆದಾಗ ಮೊದಲು ಬಿದ್ದದ್ದು, ನಡುವೆ ಬಿದ್ದದ್ದು, ಕೊನೆಗೆ ಬಿದ್ದದ್ದು ಎಂದು ಇನ್ನು ಮೂರು. ಕೇಳಿದವರಿಗೆ ನೆಲ ಒರೆಸಲು ಬಂದೆ ಎಂದೆ. ನನ್ನ ಕೈಯಲ್ಲಿ ಬಟ್ಟೆ ಕಂಡರೆ ಯಾರೂ ಎರಡನೇ ಸಲ ನೋಡುವುದಿಲ್ಲ.

ಉಳಿದ ಕಪ್ಪನ್ನು ತುಂಬಿಟ್ಟ ಆರು ನಳಿಕೆ. ಗಾಡಿ ಹೊರಡುವ ಮೊದಲಿನ ಮೂರರಲ್ಲಿ ಕಪ್ಪು ಒಂದೇ ಎತ್ತರ, ಅಳತೆಪಟ್ಟಿ ಇಟ್ಟ ಹಾಗೆ. ಗಾಡಿಯ ನಂತರದ ಮೂರರಲ್ಲಿ ಎರಡು ಗ್ರಾಂ, ಒಂದೂವರೆ, ಒಂದು. ಮೆಟ್ಟಿಲು. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ತಾರೀಕು ಬರೆದು ಬೀರುವಿನೊಳಗೆ ಹಿಂಬದಿಯಲ್ಲಿ ಸಾಲಾಗಿಟ್ಟೆ. ಮರುದಿನದಿಂದ ದಿನಾಲೂ ಇದೇ ಕೆಲಸ. ನನಗೆ ಬಂದ ಸಂತೋಷವನ್ನು ಮುಚ್ಚಿಡುವುದಿಲ್ಲ. ಒಳ್ಳೆಯ ಊಟ ಮಾಡಿ ಎದ್ದ ಹಾಗಿತ್ತು.

ಆಗ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಅವನೇ ಬರಲಿ, ಬಳೆಗಳು ಕೆಟ್ಟು, ಕೊಂಡವರು ಬೈದು, ಮಾಲೀಕರು ಕರೆದು ಕೇಳಿ, ಕುರ್ಚಿಯ ತುದಿಯಲ್ಲಿ ಕೂತು ಬೆವರಿ, ಅತ್ತೆ ಏನು ಮಾಡಲಿ ಎಂದು ಅವನೇ ಬರಲಿ. ಆಗ ಬೀರುವಿನ ಬಾಗಿಲು ತೆರೆಯುತ್ತೇನೆ ಎಂದುಕೊಂಡೆ. ನನ್ನ ತಾಳ್ಮೆಯನ್ನು ಜನ ಹೊಗಳುತ್ತಾರೆ. ಅದರ ಒಳಗೆ ಏನಿದೆ ಎಂದು ತೆಗೆದು ನೋಡಿದವರಿಲ್ಲ.

ಬಳೆಗಳು ಕೆಡಲು ಹೆಚ್ಚು ದಿನ ಬೇಕಾಗಲಿಲ್ಲ. ಡ್ರಮ್ಮಿನ ತಳದ ಪುಡಿಯಲ್ಲಿ ಹರಳು ಜಾಸ್ತಿ. ಆ ಬಳೆಗಳು ಸರಿಯಾಗಿ ಒತ್ತಿಕೊಳ್ಳದೆ ಅಂಚು ಉದುರಿದವು. ಮೇಲಿನ ಪುಡಿಯಲ್ಲಿ ಹರಳು ಕಡಿಮೆ. ಆ ಬಳೆಗಳು ನೋಡಲು ಚಂದ, ಪಂಪಿನೊಳಗೆ ಹೋದರೆ ಬೆಣ್ಣೆ. ಅಚ್ಚು ಮಾಡುವವನು ಅಚ್ಚಿನ ಗೋಡೆ ಗೀಚಿಹೋಗಿದೆ ಎಂದು ಅದನ್ನು ಹೊತ್ತುಕೊಂಡು ಊರೆಲ್ಲ ತೋರಿಸಿದ.

“ಯಾವ ಬೆಕ್ಕು ಪರಚಿದೆ ನೋಡಿ ಇದನ್ನ” ಎಂದು ನನಗೂ ತೋರಿಸಿದ. “ಎಂಟು ತಿಂಗಳು ಬರೋ ಅಚ್ಚು, ಎಂಟು ದಿನಕ್ಕೆ ಹೋಯ್ತು.”

“ಸಾಹೇಬರಿಗೆ ತೋರಿಸಿದ್ಯಾ?”

“ತೋರಿಸ್ದೆ. ಅದನ್ನೂ ಫೋಟೋ ಹೊಡ್ಕೊಂಡ್ರು.”

ಗಡಿಯಾರಕ್ಕೆ ನಿದ್ದೆ ಬಾರದಾಯಿತು. ಬಳೆ ಕೆಟ್ಟರೆ ಮೊದಲು ಬೆರಳು ತೋರಿಸುವುದು ಕಲಸಿದವರ ಕಡೆಗೇ. ಅವಳು ಹರಳನ್ನು ಎರಡು ಸಲ ಒಣಗಿಸಿ ನೋಡಿದಳು. ಪುಡಿ ಜಾರಲು ಹಾಕುವ ಮೇಣದ ಅಳತೆಯನ್ನು ಮತ್ತೆ ಮತ್ತೆ ತೂಗಿಸಿದಳು. ನಲವತ್ತೈದು ನಿಮಿಷವನ್ನು ಅರವತ್ತು ಮಾಡಿದಳು, ಅದು ಅವಳ ಜೀವಮಾನದಲ್ಲೇ ಮೊದಲು. ಯಾವುದೂ ಪ್ರಯೋಜನವಾಗದಿದ್ದಾಗ ನನ್ನ ಬಳಿ ಬಂದು ಕೂತಳು.

“ದೊಡ್ಡಮ್ಮ, ನಾನೇನು ತಪ್ಪು ಮಾಡ್ತಿದೀನಿ?”

“ನೋಡೋಣ, ತಾಳು” ಎಂದೆ.

“ಗಾಡಿ ಅಲುಗಾಡೋದ್ರಿಂದ ಏನಾದ್ರೂ ಇರಬಹುದಾ? ಅವತ್ತು ನೀವು ಏನೋ ಹೇಳೋಕೆ ಹೋದ್ರಿ.”

ಅವತ್ತು ಅವಳ ಹೆಗಲು ಕುಣಿದದ್ದು ನನ್ನ ಕಣ್ಣಿಗೆ ಬಂತು. “ಅದನ್ನ ನಿಮ್ಮ ಸಾಹೇಬರನ್ನ ಕೇಳು. ನಂದು ರಾತ್ರಿ ಶಾಲೆ” ಎಂದೆ.

ಅವಳು ಹೋಗಿ ಅವನನ್ನು ಕೇಳಿಯೂ ಬಿಟ್ಟಳು, ಪಾಪ. ಅವನು, ಗಾಡಿಯ ಬಗ್ಗೆ ನಿನಗೇನು ಗೊತ್ತು, ಎಷ್ಟು ನಿಮಿಷ ಕಲಸ್ತಿದ್ದೀಯ ಅದನ್ನ ಹೇಳು ಎಂದನಂತೆ. ಅವಳು ಸುಳ್ಳು ಹೇಳಲು ಬರದವಳು, ಅರವತ್ತು ಎಂದಳಂತೆ. ಅವನು ಬರೆದುಕೊಂಡನಂತೆ.

ಎರಡು ಸರಕು ವಾಪಸು ಬಂದವು. ಮಾಲೀಕರು ಶನಿವಾರ ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ಶುಕ್ರವಾರ ಮಧ್ಯಾಹ್ನ ನನ್ನ ಸೋದರಳಿಯ ಪುಡಿ ಮನೆಗೆ ಬಂದ. ಬಂದ, ಆದರೆ ನಾನು ಕಾದಿದ್ದ ಹಾಗೆ ಬರಲಿಲ್ಲ. ಬೆವರಿರಲಿಲ್ಲ. ಕೈಯಲ್ಲಿ ಎರಡು ಹಾಳೆಯಿತ್ತು. ಬಾಗಿಲಲ್ಲಿ ಒಮ್ಮೆ ಸೀನಿ, ತಕ್ಕಡಿಯ ಮೇಲೆ ಮೊಣಕೈ ಊರಿ ನಿಂತ. ಪುಡಿ ಮನೆಯಲ್ಲಿ ತಕ್ಕಡಿಯ ಮೇಲೆ ಮೊಣಕೈ ಊರಿದವನನ್ನು ನನ್ನ ಆಯುಸ್ಸಿನಲ್ಲಿ ಅವನೊಬ್ಬನನ್ನೇ ಕಂಡದ್ದು.

“ಅತ್ತೆ, ಒಂದು ಸಹಿ ಬೇಕಾಗಿತ್ತು.”

ಓದಿದೆ. ಕಲಸುವ ಕೆಲಸದವಳು ತನ್ನ ಮನಸ್ಸಿಗೆ ಬಂದಂತೆ ನಿಮಿಷಗಳನ್ನು ಬದಲಾಯಿಸಿದ್ದರಿಂದ ಎರಡು ಸರಕು ಹಾಳಾಗಿದೆ. ಅದನ್ನು ಆಕೆಯೇ ಒಪ್ಪಿಕೊಂಡಿದ್ದಾಳೆ. ಆಕೆಯನ್ನು ಕೆಲಸದಿಂದ ತೆಗೆಯಬೇಕು. ಅನುಭವದ ಪತ್ರ ಕೊಡಬಾರದು. ಕೆಳಗೆ, ಪುಡಿ ಮನೆಯ ಹಿರಿಯ ಕೆಲಸಗಾರ್ತಿಯ ದೃಢೀಕರಣ ಎಂದು ಒಂದು ಗೆರೆ, ಖಾಲಿ.

ಪುಡಿ ಕಲಸುವ ಕಾರ್ಖಾನೆಗಳು ಬೆರಳಲ್ಲಿ ಎಣಿಸುವಷ್ಟು. ಅವಳಿಗೆ ಬೇರೆ ಕೆಲಸ ಬರುವುದಿಲ್ಲ. ಪತ್ರವಿಲ್ಲದೆ ಹೋದವಳನ್ನು ಯಾಕೆ ಬಿಟ್ಟೆ ಎಂದು ಎಲ್ಲರೂ ಕೇಳುತ್ತಾರೆ, ಉತ್ತರ ಕೇಳಿ ಬಾಗಿಲು ಹಾಕುತ್ತಾರೆ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು.

“ಅರವತ್ತು ಮಾಡಿದ್ದು ಬಳೆ ಕೆಟ್ಟಮೇಲೆ ಸರ್, ಮೊದಲಲ್ಲ” ಎಂದೆ.

“ಅದೆಲ್ಲ ಯಾರು ನೋಡ್ತಾರೆ ಅತ್ತೆ. ಕೊಂಡವರಿಗೆ ಒಂದು ಕಾರಣ ಬೇಕು, ಒಂದು ಹೆಸರು ಬೇಕು. ನಿಮ್ಮ ಹೆಸರಿಗೆ ಏನೂ ಬರಲ್ಲ.”

“ನಾನು ಸಹಿ ಹಾಕದಿದ್ರೆ?”

“ಹಾಕದಿದ್ರೂ ನಡೀತದೆ. ಸುಮ್ಮನಿದ್ರೆ ಸಾಕು. ನಿಮಗೆ ಅದು ಚೆನ್ನಾಗಿ ಬರ್ತದಲ್ಲ.”

ನಕ್ಕು ಹೋದ. ದಡ್ಡನ ಬಾಯಿಂದಲೂ ಒಮ್ಮೊಮ್ಮೆ ಸರಿಯಾದ ಮಾತು ಬೀಳುತ್ತದೆ. ಅವನಿಗೆ ತಾನು ಏನು ಹೇಳಿದೆ ಎಂದು ಗೊತ್ತಿರಲಿಲ್ಲ, ನನಗೆ ಗೊತ್ತಾಯಿತು.

ಬೀರು ತೆರೆದು ನಳಿಕೆಗಳನ್ನು ಮೇಜಿನ ಮೇಲಿಟ್ಟು ನೋಡಿದೆ. ಹದಿನೆಂಟು ದಿನದ ನಳಿಕೆಗಳು. ಒಂದು ಉಪಾಯ ಹೊಳೆಯದೆ ಇರಲಿಲ್ಲ. ಹಳೆಯವನ್ನು ಕಸಕ್ಕೆ ಎಸೆದು, ಇವತ್ತಿನ ಡ್ರಮ್ಮಿನದೊಂದನ್ನೇ ಪರೀಕ್ಷಿಸಿ, ನಾಳೆ ಹೋಗಿ, ನಿನ್ನೆ ತಾನೇ ಅನುಮಾನ ಬಂತು ಎನ್ನಬಹುದಿತ್ತು. ಆದರೆ ವಾಪಸು ಬಂದ ಸರಕು ಮೊದಲ ಎರಡು ವಾರದ್ದು. ಆಗ ಗಾಡಿ ಸರಿಯಿತ್ತು, ಅವಳು ಕಲಸಿದ್ದೇ ಕೆಟ್ಟಿತ್ತು ಎಂದು ಅವನು ಅನ್ನುತ್ತಾನೆ. ಅನ್ನುವುದೊಂದು ಅವನಿಗೆ ಬರುತ್ತದೆ. ಆ ದಿನಗಳ ಪುಡಿ ಎಲ್ಲೂ ಉಳಿದಿಲ್ಲ, ಈ ನಳಿಕೆಗಳಲ್ಲಿ ಬಿಟ್ಟರೆ. ಚೀಟಿಯ ಮೇಲಿನ ತಾರೀಕುಗಳಿಲ್ಲದೆ ಅವಳು ಉಳಿಯುವುದಿಲ್ಲ. ತಾರೀಕುಗಳಿದ್ದರೆ ನಾನು ಉಳಿಯುವುದಿಲ್ಲ. ಚೀಟಿಗಳನ್ನು ಒಂದೊಂದಾಗಿ ಓದಿದೆ. ನನ್ನ ಕೈಬರಹ ನನಗೇ ಅಷ್ಟು ಚೊಕ್ಕಟವಾಗಿ ಯಾವತ್ತೂ ಕಂಡಿರಲಿಲ್ಲ, ಅಷ್ಟು ಅಸಹ್ಯವಾಗಿಯೂ.

ಶನಿವಾರ ಮಾಲೀಕರ ಕೋಣೆಯಲ್ಲಿ ಉದ್ದನೆಯ ಮೇಜು, ಒಂದು ಕಡೆ ಅವರು, ಪಕ್ಕದಲ್ಲಿ ಸ್ಲೈಡು ಸಾಹೇಬ, ಗೋಡೆಗೆ ಅವನ ಸ್ಲೈಡು. ಮಾಲೀಕರಿಗೆ ಕಿವಿ ಮಂದ, ನಷ್ಟ ಎಂಬ ಶಬ್ದ ಮಾತ್ರ ಚೆನ್ನಾಗಿ ಕೇಳುತ್ತದೆ. ನಾವು ಐದಾರು ಜನ ಗೋಡೆಗೆ ಒರಗಿ ನಿಂತಿದ್ದೆವು. ಗಡಿಯಾರ ತನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದಳು, ಹೊರಗೆ ಕಳಿಸಿದರೆ ಮತ್ತೆ ಒಳಗೆ ಬರಬೇಕಾಗಬಾರದೆಂದು.

ಅವನು ಹೇಳುವುದನ್ನೆಲ್ಲ ಹೇಳಿ ಮುಗಿಸಿದ. ಕಲಸುವಿಕೆಯ ಶಿಸ್ತು ಎಂದ, ಮಾನವ ದೋಷ ಎಂದ. ಮೂರು ಬಣ್ಣದ ಬಾಣಗಳು ಬಂದವು, ಮೂರೂ ಅವಳ ಕಡೆಗೇ ತಿರುಗಿದ್ದವು.

“ಅಮ್ಮಾ, ನೀನೇನಾದ್ರೂ ಹೇಳೋದಿದ್ಯಾ?” ಎಂದು ಮಾಲೀಕರು ಅವಳನ್ನು ಕೇಳಿದರು.

“ನಾನು ಸರಿಯಾಗೇ ಕಲಸಿದೀನಿ” ಎಂದಳು. “ತೋರಿಸೋಕೆ ನನ್ನ ಹತ್ರ ಏನೂ ಇಲ್ಲ.”

“ನನ್ನ ಹತ್ರ ಇದೆ” ಎಂದೆ.

ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ನಳಿಕೆಗಳನ್ನು ಮರದ ಹಲಗೆಯ ತೂತುಗಳಲ್ಲಿ ಒಂದೊಂದಾಗಿ ನಿಲ್ಲಿಸಿದೆ. ಆತುರಪಡಲಿಲ್ಲ. ಮೇಲಿನ ಸಾಲು ಗಾಡಿ ಹತ್ತುವ ಮೊದಲು, ಕೆಳಗಿನ ಸಾಲು ಗಾಡಿ ಇಳಿದ ಮೇಲೆ. ಮೇಲಿನ ಸಾಲಿನಲ್ಲಿ ಕಪ್ಪು ಒಂದೇ ಮಟ್ಟ. ಕೆಳಗಿನ ಸಾಲಿನಲ್ಲಿ ಮೆಟ್ಟಿಲು, ಮೆಟ್ಟಿಲು, ಮೆಟ್ಟಿಲು. ಮಾಲೀಕರು ಕನ್ನಡಕ ಹಾಕಿಕೊಂಡು ಬಗ್ಗಿದರು. ನಲವತ್ತು ಸ್ಲೈಡು ಮಾಡಲಾಗದ್ದನ್ನು ಅಷ್ಟು ಮಸಿ ಮಾಡಿತು.

“ಕಲಸಿದ್ದು ಕೆಟ್ಟಿದ್ರೆ ಮೇಲಿನ ಸಾಲೇ ಚೆಲ್ಲಾಪಿಲ್ಲಿ ಇರಬೇಕಿತ್ತು” ಎಂದೆ. “ಅವಳ ಕೈಯಿಂದ ಹೊರಟಾಗ ಸರಿಯಿದೆ. ಅಂಗಳ ದಾಟೋದ್ರಲ್ಲಿ, ಜಲ್ಲಿ ಸಂದೀಲಿ ಮರಳು ಇಳಿಯೋ ಹಾಗೆ, ಸಣ್ಣ ಹರಳು ತಳಕ್ಕಿಳಿದಿದೆ. ಹೆಗಲ ಮೇಲೆ ಹೊತ್ತಾಗ ಹೀಗಾಗ್ತಿರಲಿಲ್ಲ.”

“ಇದು ಯಾರ ಅನುಮತಿಯಿಂದ ಮಾಡಿದ ಪರೀಕ್ಷೆ?” ಎಂದ ಸ್ಲೈಡು ಸಾಹೇಬ.

“ಅನುಮತಿ ಇರಲಿ ಸರ್, ಹರಳು ಎಷ್ಟಿದೆ ನೋಡಿ.”

“ಇದು ಒಂದು ದಿನದ್ದಿರಬಹುದು. ಎರಡು ದಿನದ್ದಿರಬಹುದು. ವಾಪಸ್ ಬಂದ ಸರಕಿಗೂ ಇದಕ್ಕೂ—”

“ತಾರೀಕು ಓದಿ” ಎಂದೆ.

ಅವನು ಓದಲಿಲ್ಲ. ಗಡಿಯಾರ ಗೋಡೆಯಿಂದ ಈಚೆ ಬಂದು ಬಗ್ಗಿ ಓದಿದಳು. “ಏಳನೇ ತಾರೀಕು” ಎಂದಳು. “ಎಂಟು. ಒಂಬತ್ತು. ಹತ್ತು.” ಹಾಗೇ ಸಾಲಾಗಿ ಓದುತ್ತ ಹೋದಳು, ಪೂರ್ತಿ, ನಿನ್ನೆಯ ತನಕ. ನಡುವೆ ಎಲ್ಲೋ ಅವಳ ದನಿ ಬದಲಾಯಿತು. ಮುಗಿಸಿ ನನ್ನ ಕಡೆ ತಿರುಗಿದಳು.

ಕೇಳಿದವರು ಮಾಲೀಕರು. “ಏಳರಿಂದ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಎರಡು ಸರಕು ಹಾಳಾಗೋ ತನಕ ನೋಡ್ತಾ ಕೂತಿದ್ರಾ?”

“ಕೂತಿದ್ದೆ.”

“ಯಾಕೆ?”

ಅದಕ್ಕೆ ಉತ್ತರ ಇತ್ತು. ಅವರ ಪಕ್ಕದಲ್ಲೇ ಕೂತಿತ್ತು, ಟೈ ಕಟ್ಟಿಕೊಂಡು. ಆದರೆ ಅವನನ್ನು ತೋರಿಸಿದ್ದರೆ ಅರ್ಧ ಸುಳ್ಳಾಗುತ್ತಿತ್ತು. “ಒಬ್ಬರು ಬಿದ್ದು, ಬಂದು ಕೇಳಲಿ ಅಂತ ಕಾದೆ. ಬಿದ್ದವರು ಬೇರೆಯವರು” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕಿವಿ ಮಂದವಿದ್ದುದರಿಂದ ಕೇಳಿಸಲೂ ಇಲ್ಲವೇನೋ.

ತೀರ್ಮಾನ ಊಟದ ಹೊತ್ತಿಗೆ ಬಂತು. ಗಡಿಯಾರದ ಮೇಲೆ ಯಾವ ದೋಷವೂ ಇಲ್ಲವೆಂದು ಬರೆದು ಸಹಿ ಹಾಕಿದ ಕಾಗದವನ್ನು ಅವಳ ಕೈಗೇ ಕೊಟ್ಟರು. ಗಾಡಿ ಉಗ್ರಾಣ ಸೇರಿತು. ನನಗೆ, ಇನ್ನು ಹದಿನೈದು ದಿನ ಕಳೆದ ಮೇಲೆ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ನೆಲ ಒರೆಸುವಾಗ ಇಪ್ಪತ್ತು ವರ್ಷ ಯಾರಿಗೂ ಹೊಳೆಯದಿದ್ದ ನನ್ನ ವಿಶ್ರಾಂತಿ ಅವತ್ತು ಹೊಳೆಯಿತು. ಸ್ಲೈಡು ಸಾಹೇಬನಿಗೆ ಏನೂ ಆಗಲಿಲ್ಲ. ಅವನಂಥವರಿಗೆ ಆಗುವುದಿಲ್ಲ, ಆಗಲು ಗಟ್ಟಿ ಪದಾರ್ಥ ಏನಾದರೂ ಬೇಕು. ಸೋಮವಾರ ನೋಡಿದರೆ, ಸಾಗಣೆಯ ಕುಲುಕಾಟದಿಂದ ಪುಡಿ ಬೇರ್ಪಡುವಿಕೆ, ಒಂದು ಅಧ್ಯಯನ ಎಂದು ಅವನ ಹೊಸ ಸ್ಲೈಡು ತಯಾರಾಗಿತ್ತು. ನನ್ನ ನಳಿಕೆಗಳ ಚಿತ್ರ ಅದರಲ್ಲಿತ್ತು. ಚೀಟಿಗಳನ್ನು ಅಳಿಸಿದ್ದ.

“ಅತ್ತೆ, ಮೊದಲೇ ಹೇಳಬಾರದಿತ್ತಾ?” ಎಂದ, ಮೆಟ್ಟಿಲ ಬಳಿ ಸಿಕ್ಕಾಗ.

“ಹೇಳ್ಬೋದಿತ್ತು ಸರ್” ಎಂದೆ. ಅಷ್ಟೇ ಸಾಕು ಅವನಿಗೆ.

ಕೊಳವೆ ಮತ್ತೆ ಹೆಗಲಿಗೆ ಬಂತು. ಆದರೆ ಗಡಿಯಾರ ಹಿಂದೆ ನಿಲ್ಲಿಸಿಕೊಂಡದ್ದು ಕುಲುಮೆಯವನ ಹೆಂಡತಿಯನ್ನು, ನನ್ನನ್ನಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಹೆಂಗಸಿಗೆ ಅವಳು ಕಾರಣ ಹೇಳಿಕೊಡುತ್ತಿದ್ದಳು, ಜಲ್ಲಿ, ಮರಳು, ಸಂದಿ ಎಂದು, ಮೊದಲನೇ ದಿನವೇ. ನನ್ನೊಂದಿಗೆ ಹನ್ನೆರಡು ದಿನ ಮಾತಿಲ್ಲ. ಪುಡಿ ತೂಗಿ ಕೊಟ್ಟರೆ ತೆಗೆದುಕೊಂಡು ಹೋಗುತ್ತಿದ್ದಳು, ದೊಡ್ಡಮ್ಮ ಎನ್ನುತ್ತಿರಲಿಲ್ಲ, ಏನೂ ಎನ್ನುತ್ತಿರಲಿಲ್ಲ. ಕೋಪ ಮಾಡಿಕೊಂಡವರನ್ನು ನಾನು ಬಹಳ ಕಂಡಿದ್ದೇನೆ, ಎರಡು ದಿನದಲ್ಲಿ ಇಳಿಯುತ್ತದೆ ಎಂದು ಕಾದೆ. ಇಳಿಯಲಿಲ್ಲ. ಕಾಯುವುದರಲ್ಲಿ ನನಗೆ ಸಮ ಯಾರೂ ಇಲ್ಲ ಎಂದು ತಿಳಿದಿದ್ದೆ. ಅವಳು ನನಗಿಂತ ಚೆನ್ನಾಗಿ ಕಾದಳು.

ನನಗೆ ಇನ್ನು ಮೂರು ದಿನ ಉಳಿದಿದ್ದಾಗ, ದಿನದ ಕೆಲಸ ಮುಗಿದ ಮೇಲೆ ಪುಡಿ ಮನೆಗೆ ಬಂದಳು. ಕೈಯಲ್ಲಿ ಮಗಳ ನೋಟ್‌ಬುಕ್ಕು, ಹಿಂದಿನ ಹಾಳೆಗಳು ಖಾಲಿಯಿದ್ದದ್ದು.

“ಆ ಪರೀಕ್ಷೆ ನನಗೆ ಕಲಿಸಿಕೊಡಿ” ಎಂದಳು. “ನಾಳೆ ಇನ್ನೊಬ್ಬ ಸಾಹೇಬ ಬರ್ತಾನೆ, ಇನ್ನೊಂದು ಗಾಡಿ ತರ್ತಾನೆ. ಆಗ ಯಾರ ಬೀರು ಹುಡುಕಲಿ ನಾನು?”

“ಕೂತ್ಕೋ.”

“ನಿಂತೇ ಕಲೀತೀನಿ.”

ಕಲಿಸಿದೆ. ಕಿಟಕಿ ತೆರೆಸಿದೆ. ಹತ್ತು ಗ್ರಾಂ ತೂಗಿಸಿದೆ. ಸೋಡಾ ನೀರಿಗೆ ಚೂರು ಚೂರೇ ಹಾಕು, ಮುಖ ದೂರ ಇಟ್ಟುಕೋ, ನೊರೆ ಏರಿದರೆ ನಿಲ್ಲು ಎಂದೆ. ಅವಳ ಕೈ ನನ್ನ ಕೈಗಿಂತ ಸ್ಥಿರ. ಕರಗಿತು, ತೊಳೆದಳು, ಸೋಸಿದಳು, ಕಾಗದದ ಸಮೇತ ಒಲೆಯಲ್ಲಿ ಒಣಗಿಸಿದಳು. ತಕ್ಕಡಿಗಿಟ್ಟು ಅಂಕಿ ಬರೆದುಕೊಂಡಳು. ಎರಡು ಗ್ರಾಂ, ಚಿಲ್ಲರೆ. ಹೊತ್ತುಕೊಂಡು ಬಂದ ಪುಡಿಯದೇ ಅದು, ಒಂದೂವರೆ ಇರಬೇಕಾದದ್ದು. ಅವಳ ಮುಖ ಬಿಳುಪೇರಿತು. ಮತ್ತೆ ಕೆಟ್ಟಿತು ಎಂದುಕೊಂಡಳು, ಕೇಳಲಿಲ್ಲ. ಪೆನ್ಸಿಲನ್ನು ಹಿಡಿದು ಆ ಅಂಕಿಯನ್ನೇ ನೋಡುತ್ತ ನಿಂತಳು.

“ತಪ್ಪು” ಎಂದೆ. “ಸೋಸಿದ ಕಾಗದದ ತೂಕ ಕಳೆದಿಲ್ಲ ನೀನು. ಕಳೆ, ಸರಿಯಾಗ್ತದೆ.”

ಕಳೆದಳು. ಸರಿಯಾಯಿತು. ಇನ್ನೊಂದು ಸಲ ಕಳೆದು ನೋಡಿದಳು. ನೋಟ್‌ಬುಕ್ಕು ಮುಚ್ಚಿ, ಮೊದಲ ಸಲ ನನ್ನ ಮುಖ ನೋಡಿದಳು.

“ಪರವಾಗಿಲ್ವೇ” ಎಂದಳು. “ಇವತ್ತಿನದು ಇವತ್ತೇ ಹೇಳಿಬಿಟ್ರಿ.”